ಗುಳ್ಳೆ ಎಣಿಸುವುದು ಬಿಡಿ, ಹೊರನೀರು ಅಳೆಯಿರಿ: ಕ್ಯಾಲ್ಸಿಯಂ ರಿಯಾಕ್ಟರ್ ಕುರಿತ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಹವಳ ಬೆಳೆಸುವ ಉಪ್ಪುನೀರಿನ ತೊಟ್ಟಿಗಳ ಬಗ್ಗೆ, ಅದರಲ್ಲೂ ಕ್ಯಾಲ್ಸಿಯಂ ರಿಯಾಕ್ಟರ್ ಬಗ್ಗೆ. ಹೊಸಬರಿಗೆ ಎರಡು ಮಾತು. ರಿಯಾಕ್ಟರ್ ಎಂದರೆ ಅರಾಗೊನೈಟ್ ಎಂಬ ಸುಣ್ಣದ ಖನಿಜದ ಚೂರು ತುಂಬಿದ ಮುಚ್ಚಿದ ಕೊಳವೆ. ತೊಟ್ಟಿಯ ನೀರು ಅದರೊಳಗೆ ಸುತ್ತುತ್ತಿರುವಾಗ ಕಾರ್ಬನ್ ಡೈಆಕ್ಸೈಡ್ ಗ್ಯಾಸನ್ನು ಗುಳ್ಳೆಗುಳ್ಳೆಯಾಗಿ ಬಿಡುತ್ತೇವೆ; ನೀರು ಹುಳಿಯಾಗಿ, ಅಂದರೆ ಪಿಎಚ್ ಇಳಿದು, ಚೂರುಗಳು ನಿಧಾನವಾಗಿ ಕರಗುತ್ತವೆ. ಹವಳ ಮೈ ಕಟ್ಟಿಕೊಳ್ಳಲು ಎಳೆದುಕೊಳ್ಳುವ ಅನುಪಾತದಲ್ಲೇ, ಅಂದರೆ ಪ್ರತಿ 2.8 ಡಿಕೆಎಚ್ ಆಲ್ಕಲಿನಿಟಿಗೆ 20 ಪಿಪಿಎಂನಂತೆ, ಕ್ಯಾಲ್ಸಿಯಂ ಹೊರಬರುತ್ತದೆ. ಆಲ್ಕಲಿನಿಟಿ ಎಂದರೆ ನೀರಿನಲ್ಲಿ ಕರಗಿ ಹುಳಿಯನ್ನು ತಡೆಯುವ ಕಾರ್ಬೊನೇಟ್‌ಗಳ ಅಳತೆ, ಡಿಕೆಎಚ್ ಅದರ ಏಕಮಾನ; ಪಿಪಿಎಂ ಎಂದರೆ ಹತ್ತು ಲಕ್ಷದಲ್ಲೊಂದು ಭಾಗ. ಹಾಗೆ ಕರಗಿಸಿಕೊಂಡು ತೊಟ್ಟಿಗೆ ಮರಳುವ ನೀರನ್ನು ಕೆಳಗೆ ‘ಹೊರನೀರು’ ಎಂದಿದ್ದೇವೆ.

ಪ್ರಶ್ನೆ: ಕಲ್ಲು, ಸಂಪ್ (ಕೆಳಗಿನ ಉಪತೊಟ್ಟಿ) ಎಲ್ಲ ಲೆಕ್ಕ ಹಾಕಿದರೆ ನನ್ನ ತೊಟ್ಟಿಯಲ್ಲಿ ನಿಜವಾಗಿ 400 ಲೀಟರ್ ನೀರಿದೆ. ಅಕ್ರೊಪೊರಾ, ಮಾಂಟಿಪೊರಾ ಹವಳಗಳು ಚೆನ್ನಾಗಿ ಬೆಳೆಯುತ್ತಿವೆ. ಆದರೆ ಆಲ್ಕಲಿನಿಟಿ 2 ವಾರದಲ್ಲಿ 8.2ರಿಂದ 7ಕ್ಕೆ ಇಳಿದಿದೆ. ಗುಳ್ಳೆಯನ್ನು ನಿಮಿಷಕ್ಕೆ 30ರಿಂದ 60ಕ್ಕೆ ಏರಿಸಿದೆ, ರಿಯಾಕ್ಟರ್ ಪಿಎಚ್ 6.5ಕ್ಕೆ ಬಂತು, ಆದರೂ ಇಳಿಯುವುದು ನಿಂತಿಲ್ಲ. ಎಷ್ಟು ಗುಳ್ಳೆ ಇಟ್ಟರೆ ಸರಿ?
— ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಗುಳ್ಳೆಯ ಲೆಕ್ಕಕ್ಕೆ ಉತ್ತರವೇ ಇಲ್ಲ, ಏಕೆಂದರೆ ಒಬ್ಬರ ಬಬಲ್ ಕೌಂಟರ್‌ನ ಗುಳ್ಳೆ ಇನ್ನೊಬ್ಬರ ಗುಳ್ಳೆಗಿಂತ ದುಪ್ಪಟ್ಟು ದಪ್ಪವಿರಬಹುದು. ತೊಟ್ಟಿಗೆ ದಿನಕ್ಕೆ ಎಷ್ಟು ಆಲ್ಕಲಿನಿಟಿ ಸೇರುತ್ತದೆ ಎಂಬುದನ್ನು ನಿರ್ಧರಿಸುವುದು ಎರಡೇ ಅಂಕಿ: ಹೊರನೀರು ನಿಮಿಷಕ್ಕೆ ಎಷ್ಟು ಮಿ.ಲೀ. ಬರುತ್ತಿದೆ, ಅದರ ಆಲ್ಕಲಿನಿಟಿ ಎಷ್ಟಿದೆ. ನಿಮ್ಮ ಪತ್ರದಲ್ಲಿ ಈ ಎರಡೂ ಇಲ್ಲ. ಅಲ್ಲಿಂದಲೇ ಶುರುಮಾಡಿ.

ಮೊದಲು ಹರಿವು. 100 ಮಿ.ಲೀ. ಅಳತೆಯ ಜಾಡಿಯೊಂದನ್ನು ಹೊರನೀರಿನ ನಳಿಕೆಯ ಕೆಳಗೆ 5 ನಿಮಿಷ ಹಿಡಿದು, ಬಂದದ್ದನ್ನು 5ರಿಂದ ಭಾಗಿಸಿ. ಹನಿ ಎಣಿಸಿ ಅಂದಾಜು ಮಾಡಬೇಡಿ. ನಂತರ ಆಲ್ಕಲಿನಿಟಿ. ಹೊರನೀರಿನಲ್ಲಿ ಅದು 20ರಿಂದ 40 ಡಿಕೆಎಚ್ ತನಕ ಇರುವುದರಿಂದ ಸಾಮಾನ್ಯ ಕಿಟ್‌ಗೆ ನೇರವಾಗಿ ಹಾಕಲು ಬಾರದು. ಹನ್ನಾ ಕಂಪನಿಯ ಪುಟ್ಟ ಡಿಜಿಟಲ್ ಚೆಕ್ಕರ್ 20ಕ್ಕೇ ನಿಂತುಬಿಡುತ್ತದೆ. 10 ಮಿ.ಲೀ. ಹೊರನೀರಿಗೆ 20 ಮಿ.ಲೀ. ಆರ್‌ಒ ಡಿಐ ನೀರು (ಸೋಸಿ ಲವಣ ತೆಗೆದ ಶುದ್ಧ ನೀರು) ಬೆರೆಸಿ ಪರೀಕ್ಷಿಸಿ, ಬಂದ ಅಂಕಿಯನ್ನು 3ರಿಂದ ಗುಣಿಸಿ. ನೀರು ಹಿಡಿದಿಟ್ಟಾಗ ಗ್ಯಾಸ್ ಹಾರಿಹೋದರೂ ಆಲ್ಕಲಿನಿಟಿ ಬದಲಾಗುವುದಿಲ್ಲ. ಆದರೆ ಬಹಳ ಹೊತ್ತು ಬಿಟ್ಟರೆ ಲೋಟದ ಗೋಡೆಗೆ ಸುಣ್ಣ ಕೂತು ಅಂಕಿ ಕಡಿಮೆ ಬರುತ್ತದೆ. ಹಿಡಿದ ಕೂಡಲೇ ಅಳೆಯಿರಿ.

ಇನ್ನು ತೊಟ್ಟಿಯ ಖರ್ಚು. ರಿಯಾಕ್ಟರ್ ನಿಲ್ಲಿಸಿ, 2 ದಿನ ಒಂದೇ ಹೊತ್ತಿಗೆ ಆಲ್ಕಲಿನಿಟಿ ನೋಡಿ. ದಿನಕ್ಕೆ 1.5 ಡಿಕೆಎಚ್ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಹೊರನೀರು 30, ತೊಟ್ಟಿ 8 ಆಗಿದ್ದರೆ ಪ್ರತಿ ಲೀಟರ್ ಹೊರನೀರು ಹೊಸದಾಗಿ ತರುವುದು 22 ಮಾತ್ರ. ಉಳಿದ 8 ತೊಟ್ಟಿಯಿಂದಲೇ ಹೋದದ್ದು. 400ನ್ನು 1.5ರಿಂದ ಗುಣಿಸಿ 22ರಿಂದ ಭಾಗಿಸಿದರೆ ದಿನಕ್ಕೆ 27.3 ಲೀಟರ್, ಅಂದರೆ ನಿಮಿಷಕ್ಕೆ ಸುಮಾರು 19 ಮಿ.ಲೀ. ಹೊರನೀರು ಬೇಕು.

ನಿಮ್ಮಲ್ಲಿ ಅಷ್ಟು ಬರುತ್ತಿಲ್ಲ ಎಂಬುದು ನಮ್ಮ ಬಲವಾದ ಅನುಮಾನ. ಉದಾಹರಣೆಗೆ ಹರಿವು ನಿಮಿಷಕ್ಕೆ 6 ಮಿ.ಲೀ.ಗೆ ಇಳಿದಿದ್ದರೆ, ಹೊರನೀರು 32 ಡಿಕೆಎಚ್ ಇದ್ದರೂ ದಿನಕ್ಕೆ ಸೇರುವುದು ಅರ್ಧ ಡಿಕೆಎಚ್ ಅಷ್ಟೇ. ಗ್ಯಾಸ್ ಎಷ್ಟೇ ಏರಿಸಿ, ಆ ಸಣ್ಣ ಹರಿವಿನಲ್ಲಿ ಪಿಎಚ್ ಕುಸಿಯುತ್ತದೆಯೇ ಹೊರತು ತೊಟ್ಟಿಗೆ ಸಿಗುವುದು ಹೆಚ್ಚಾಗುವುದಿಲ್ಲ. ಹರಿವು ತಾನಾಗಿ ಇಳಿಯುವುದು ಹೇಗೆ ಎಂದು ತಿಳಿಯಬೇಕಾದರೆ ಹೊರನೀರಿನ ನಳಿಕೆಯ ತುದಿಯನ್ನು ಕಳಚಿ ಬೆಳಕಿಗೆ ಹಿಡಿಯಿರಿ. ವಾಲ್ವ್ ಹಿಂಡಿದ ಜಾಗದಲ್ಲೇ ಒಳಗೋಡೆಗೆ ಬಿಳಿ ಸುಣ್ಣದ ಉಂಗುರ ಕಟ್ಟಿರುತ್ತದೆ. ನಡುವಿನ ತೂತು ಸೂಜಿಮೊನೆಯಷ್ಟಾಗಿರುತ್ತದೆ. ಇಕ್ಕಟ್ಟಾದ ಕಡೆ ಒತ್ತಡ ಇಳಿಯುತ್ತದೆ, ಗ್ಯಾಸ್ ನೀರಿನಿಂದ ಬಿಡಿಸಿಕೊಳ್ಳುತ್ತದೆ, ಕರಗಿದ್ದ ಸುಣ್ಣ ಅಲ್ಲೇ ಗಟ್ಟಿಯಾಗುತ್ತದೆ. ಬಿಳಿ ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಹಾಕಿದರೆ ಬಿಡುತ್ತದೆ, ಆದರೆ ಕೆಲವು ವಾರಗಳಲ್ಲಿ ಮತ್ತೆ ಕಟ್ಟುತ್ತದೆ. ಶಾಶ್ವತ ಪರಿಹಾರ ವಾಲ್ವ್ ತೆಗೆದು, ಎಡೆಬಿಡದೆ ಓಡುವಂಥ ಪೆರಿಸ್ಟಾಲ್ಟಿಕ್ ಪಂಪ್ (ಮೆದು ನಳಿಕೆಯನ್ನು ಹಿಂಡಿ ನೀರು ದೂಡುವ ಪಂಪ್) ಹಾಕುವುದು. ರಿಯಾಕ್ಟರ್‌ಗೆ ದುಡ್ಡು ಹಾಕುವವರು ಈ ಪಂಪ್‌ನಲ್ಲಿ ಉಳಿತಾಯ ನೋಡಬಾರದು. ಅದರ ಒಳನಳಿಕೆಯೂ ಸವೆಯುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ಅದೇ ಅಳತೆ ಜಾಡಿ ಹಿಡಿಯಿರಿ.

ಹರಿವನ್ನು 19ಕ್ಕೆ ನಿಲ್ಲಿಸಿದ ಮೇಲೆ ಅದನ್ನು ಮುಟ್ಟಬೇಡಿ. ನೀರು ಹೆಚ್ಚು ಓಡಿದ್ದರಿಂದ ರಿಯಾಕ್ಟರ್ ಪಿಎಚ್ ಮೇಲೇರುತ್ತದೆ, ಹೊರನೀರಿನ ಆಲ್ಕಲಿನಿಟಿ ಇಳಿಯುತ್ತದೆ. ಈಗ ಗ್ಯಾಸ್ ತುಸುವೇ ಏರಿಸಿ, 24 ಗಂಟೆ ಕಾದು, ಹೊರನೀರು ಅಳೆಯಿರಿ. 30ರ ಹತ್ತಿರ ಬರುವವರೆಗೆ ದಿನಕ್ಕೊಂದೇ ತಿದ್ದುಪಡಿ. ಒಂದೇ ದಿನ ಹರಿವನ್ನೂ ಗ್ಯಾಸನ್ನೂ ತಿರುಗಿಸಿದರೆ ಯಾವುದರಿಂದ ಏನಾಯಿತೆಂದು ಗೊತ್ತಾಗುವುದಿಲ್ಲ. ಈಗಾಗಲೇ ಬಿದ್ದಿರುವ 1.2 ಡಿಕೆಎಚ್ ಅನ್ನು ರಿಯಾಕ್ಟರ್‌ನಿಂದ ಎಬ್ಬಿಸಲು ಹೋಗಬೇಡಿ. 400 ಲೀಟರಿಗೆ 1 ಡಿಕೆಎಚ್ ಏರಿಸಲು 12 ಗ್ರಾಂ ಅಡುಗೆ ಸೋಡಾ ಸಾಕು. ಅದನ್ನು ಆರ್‌ಒ ನೀರಿನಲ್ಲಿ ಕರಗಿಸಿ, ಹರಿವು ಜೋರಿರುವ ಕಡೆ 2 ದಿನಕ್ಕೆ ಹಂಚಿ ಹಾಕಿ. ಬೇಕಿಂಗ್ ಪೌಡರ್ ಅಲ್ಲ, ಬರೀ ಸೋಡಾ.

ಪ್ರಶ್ನೆ: ಪಿಎಚ್ ಕಂಟ್ರೋಲರ್ 6.6 ತೋರಿಸುತ್ತಿದೆ, ಆದರೆ ರಿಯಾಕ್ಟರ್‌ನ ಕೆಳಭಾಗದ ಚೂರುಗಳು ಗಂಜಿಯಂತಾಗಿವೆ. ಹೊರನೀರು ಹಾಲಿನ ಬಣ್ಣಕ್ಕೆ ತಿರುಗಿದೆ. ಚೂರು ಕಳಪೆಯೇ?
— ಎಡಿಸನ್, ನ್ಯೂಜೆರ್ಸಿ

ಉತ್ತರ: ಚೂರಿನ ತಪ್ಪಲ್ಲ, ಪಿಎಚ್ ಓದುವ ಪ್ರೋಬ್ ಸುಳ್ಳು ಹೇಳುತ್ತಿದೆ. ಅರಾಗೊನೈಟ್ ಗಂಜಿಯಾಗಬೇಕಾದರೆ ಒಳಗಿನ ಪಿಎಚ್ 6.4ಕ್ಕಿಂತ ಕೆಳಗೆ ಬಹುಕಾಲ ಇದ್ದಿರಬೇಕು. ಹೊರನೀರಿನ ಆಲ್ಕಲಿನಿಟಿ ಅಳೆದು ನೋಡಿ. 40 ದಾಟಿದ್ದರೆ ಸಂಶಯವೇ ಬೇಡ.

ಪ್ರೋಬ್ ತೆಗೆದು ನೋಡಿದರೆ ಗಾಜಿನ ಬುರುಡೆಗೆ ತೆಳ್ಳಗೆ ಸುಣ್ಣ ಕೂತಿರುವುದು ಕಾಣಬಹುದು. ಅದನ್ನು ಉಜ್ಜಬೇಡಿ. ವಿನೆಗರ್‌ನಲ್ಲಿ 10 ನಿಮಿಷ ಇಟ್ಟು ಶುದ್ಧ ನೀರಿನಲ್ಲಿ ತೊಳೆಯಿರಿ. ಆಮೇಲೆ ಪಿಎಚ್ 7 ಮತ್ತು 4ರ ಬಫರ್ (ಪಿಎಚ್ ಮೊದಲೇ ಗೊತ್ತಿರುವ) ದ್ರಾವಣಗಳಲ್ಲಿ ಕ್ಯಾಲಿಬ್ರೇಟ್ ಮಾಡಿ. ತೊಟ್ಟಿಯ ಪ್ರೋಬ್‌ಗೆ ಬಳಸುವ 7 ಮತ್ತು 10ರ ಜೋಡಿಯನ್ನೇ ಇಲ್ಲಿಗೂ ಬಳಸುವವರು ತುಂಬ ಜನ. ರಿಯಾಕ್ಟರ್ ಕೆಲಸ ಮಾಡುವುದು ಹುಳಿಯ ಕಡೆ, ಆದ್ದರಿಂದ ಆ ಕಡೆಯ ಬಿಂದುವೇ ಬೇಕು. ಕೊನೆಗೆ ಮತ್ತೆ 7ರ ದ್ರಾವಣಕ್ಕೆ ಅದ್ದಿದಾಗ 0.05ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ, ಅಥವಾ ಅಂಕಿ ನಿಲ್ಲಲು ನಿಮಿಷಗಟ್ಟಲೆ ಹಿಡಿದರೆ ಪ್ರೋಬ್ ಬದಲಿಸಿ. ಇನ್ನೊಂದು ಪರೀಕ್ಷೆಯೂ ಇದೆ: ಒಂದು ಲೋಟ ಹೊರನೀರಿನಲ್ಲಿ ಪ್ರೋಬ್ ಇಟ್ಟು ಓದಿ, ಅದು ರಿಯಾಕ್ಟರ್ ಒಳಗಿದ್ದಾಗ ತೋರಿದ್ದಕ್ಕಿಂತ ಒಮ್ಮೆಲೇ ಬಹಳ ಬೇರೆಯಾಗಿದ್ದರೆ ಯಾವುದೋ ಪಂಪ್‌ನಿಂದ ನೀರಿಗೆ ಕರೆಂಟ್ ಸೋರುತ್ತಿರಬಹುದು. ಒಂದೊಂದೇ ಪಂಪ್‌ನ ಪ್ಲಗ್ ತೆಗೆದು ಪತ್ತೆ ಮಾಡಿ. ಅದು ಹವಳಕ್ಕಿಂತ ಮೊದಲು ನಿಮ್ಮ ಕೈಗೆ ಅಪಾಯ.

ಗಂಜಿಯನ್ನು ಹಾಗೇ ಬಿಡುವಂತಿಲ್ಲ. ಕೆಸರು ಕಟ್ಟಿದ ಕಡೆ ನೀರು ನುಗ್ಗದೆ ಒಂದೇ ಸೀಳಿನಲ್ಲಿ ಓಡುತ್ತದೆ, ಉಳಿದ ಚೂರು ಕೆಲಸಕ್ಕೆ ಬಾರದೆ ಕೂರುತ್ತದೆ. ಎಲ್ಲವನ್ನೂ ಬಕೆಟ್‌ಗೆ ಸುರಿದು, ನೀರು ತಿಳಿಯಾಗುವ ತನಕ ಆರ್‌ಒ ನೀರಿನಲ್ಲಿ ತೊಳೆದು, ಹಿಟ್ಟು ಚೆಲ್ಲಿ. ದಪ್ಪ ಚೂರು ಕೆಳಗೆ, ಸಣ್ಣದು ಮೇಲೆ ತುಂಬಿ. ಚೂರು ಗಡಿಬಿಡಿಯಲ್ಲಿ ಕರಗಿದಾಗ ಅದರೊಳಗಿನ ರಂಜಕವೂ ಹೊರಬಂದಿರುತ್ತದೆ, ಆದ್ದರಿಂದ ಈ ವಾರ ತೊಟ್ಟಿಯ ಫಾಸ್ಫೇಟ್ ನೋಡಿಕೊಳ್ಳಿ. ಮತ್ತೆ ಶುರುಮಾಡುವಾಗ 6.8ರಿಂದ ಆರಂಭಿಸಿ ದಿನಕ್ಕೆ 0.05ರಂತೆ ಇಳಿಸುತ್ತ ಬನ್ನಿ.

ಕಂಟ್ರೋಲರ್‌ಗೆ ನಾವು ಕೊಡುವುದು ಕಾವಲುಗಾರನ ಕೆಲಸ ಮಾತ್ರ. ನೀಡಲ್ ವಾಲ್ವ್ ತಿರುಗಿಸಿ ಗ್ಯಾಸ್ ಒಂದೇ ಸಮ ಹರಿಯುತ್ತ ಪಿಎಚ್ 6.6ರಲ್ಲಿ ತಾನೇ ನಿಲ್ಲುವಂತೆ ಹೊಂದಿಸಿ, ಸೊಲಿನಾಯ್ಡ್ (ಗ್ಯಾಸ್ ತಡೆಯುವ ವಿದ್ಯುತ್ ವಾಲ್ವ್) ಮುಚ್ಚುವ ಮಿತಿಯನ್ನು 6.45ಕ್ಕೆ ಇಡಿ. ಆಗ ಪ್ರೋಬ್ ಸ್ವಲ್ಪ ಕೆಟ್ಟರೂ ರಿಯಾಕ್ಟರ್ ಹಳ್ಳ ಹಿಡಿಯುವುದಿಲ್ಲ.

ಪ್ರಶ್ನೆ: ರಿಯಾಕ್ಟರ್‌ನ ನೆತ್ತಿಯಲ್ಲಿ ದಿನಾ ಎರಡು ಬೆರಳಷ್ಟು ಗ್ಯಾಸ್ ತುಂಬುತ್ತದೆ. ಸುತ್ತು ಪಂಪ್ ಗೊರಗೊರ ಸದ್ದು ಮಾಡುತ್ತದೆ.
— ದುಬೈ

ಉತ್ತರ: ಆ ಗ್ಯಾಸ್ ಯಾವುದು ಎಂಬುದನ್ನು ಮೊದಲು ಕಂಡುಹಿಡಿಯಿರಿ. ಸಿಲಿಂಡರ್‌ನಿಂದ ಬರುವುದನ್ನು ನಿಲ್ಲಿಸಿ, ಸುತ್ತು ಪಂಪ್ ಓಡಲು ಬಿಟ್ಟು, ಗ್ಯಾಸಿನ ಮಟ್ಟಕ್ಕೆ ಹೊರಗಡೆ ಟೇಪ್ ಅಂಟಿಸಿ 3-4 ಗಂಟೆ ಕಾಯಿರಿ. ಮಟ್ಟ ಕುಗ್ಗಿದರೆ ಅದು ಕಾರ್ಬನ್ ಡೈಆಕ್ಸೈಡ್. ನಿಮ್ಮ ಹರಿವು ಅರಗಿಸಿಕೊಳ್ಳುವುದಕ್ಕಿಂತ ಹೆಚ್ಚು ಬಿಡುತ್ತಿದ್ದೀರಿ, ಗುಳ್ಳೆ ಕಡಿಮೆ ಮಾಡಿ. ಕುಗ್ಗದಿದ್ದರೆ ಅದು ಗಾಳಿ.

ಗಾಳಿ ಬರುವುದು ಹೆಚ್ಚಾಗಿ ಎಳೆತದಿಂದ. ಪೆರಿಸ್ಟಾಲ್ಟಿಕ್ ಪಂಪ್ ಹೊರದಾರಿಯಲ್ಲಿದ್ದು ನೀರನ್ನು ಎಳೆಯುತ್ತಿರುವಾಗ, ಒಳದಾರಿಯ ಸ್ಪಂಜು ಕಟ್ಟಿಕೊಂಡರೆ ಕೊಳವೆಯೊಳಗೆ ಒತ್ತಡ ತಗ್ಗುತ್ತದೆ. ನೀರಿನಲ್ಲಿ ಕರಗಿದ್ದ ಗಾಳಿ ಬಿಟ್ಟುಕೊಳ್ಳುತ್ತದೆ, ಮುಚ್ಚಳದ ಓ-ರಿಂಗ್ ಸಂದಿನಿಂದಲೂ ನುಗ್ಗುತ್ತದೆ. ಸ್ಪಂಜು ತೊಳೆಯಿರಿ. ಒಳದಾರಿಯನ್ನು ರಿಟರ್ನ್ ಪಂಪ್‌ನ ಪೈಪಿಗೆ ಟೀ ಹಾಕಿ ಜೋಡಿಸಿದರೆ ನೀರು ಸದಾ ತುಸು ಒತ್ತಡದಲ್ಲೇ ಒಳಗೆ ಹೋಗುತ್ತದೆ. ಓ-ರಿಂಗ್‌ಗೆ ಸಿಲಿಕೋನ್ ಗ್ರೀಸ್ ಸವರಿ; ವ್ಯಾಸಲೀನ್ ರಬ್ಬರನ್ನು ಉಬ್ಬಿಸುತ್ತದೆ. ಪ್ರೋಬ್‌ನ ತುದಿ ಆ ಗ್ಯಾಸಿನ ಮಟ್ಟದಲ್ಲೇ ಇದ್ದರೆ ಅಂಕಿಯನ್ನು ನಂಬಲೂಬೇಡಿ.

ಪ್ರಶ್ನೆ: ರಿಯಾಕ್ಟರ್ ಹಾಕಿದ ಮೇಲೆ ಬೆಳಗಿನ ಜಾವ ತೊಟ್ಟಿಯ ಪಿಎಚ್ 7.75. ಮೊದಲು 7.95 ಇರುತ್ತಿತ್ತು. ರಿಯಾಕ್ಟರ್ ತೆಗೆದುಬಿಡಲೇ? ಫ್ಲ್ಯಾಟ್‌ನಲ್ಲಿ ರಾತ್ರಿಯಿಡೀ ಏಸಿ ಓಡುತ್ತದೆ.
— ಸಿಂಗಪುರ

ಉತ್ತರ: ತೆಗೆಯಬೇಡಿ. ಹೊರನೀರಿನಲ್ಲಿ ಉಳಿದ ಗ್ಯಾಸ್ ಸ್ವಲ್ಪ ಪಿಎಚ್ ಇಳಿಸುವುದು ಸಹಜ. ಆಲ್ಕಲಿನಿಟಿ ಸ್ಥಿರವಾಗಿದ್ದರೆ 7.8ರ ಆಸುಪಾಸಿನಲ್ಲೂ ಹವಳ ಬೆಳೆಯುತ್ತದೆ, ವೇಗ ಸ್ವಲ್ಪ ಕಡಿಮೆ. ಆದರೆ ಕಾರಣ ರಿಯಾಕ್ಟರೋ ಕೋಣೆಯ ಗಾಳಿಯೋ ಎಂದು ನೋಡಿ. 1 ಲೀಟರ್ ತೊಟ್ಟಿ ನೀರನ್ನು ಬಾಲ್ಕನಿಗೆ ಒಯ್ದು, ಸಣ್ಣ ಏರ್ ಪಂಪ್‌ನಿಂದ 1 ಗಂಟೆ ಹೊರಗಿನ ಗಾಳಿ ಊದಿ, ಪಿಎಚ್ ಅಳೆಯಿರಿ. ಅದೇ ಕೆಲಸವನ್ನು ಇನ್ನೊಂದು ಲೀಟರಿಗೆ ಕೋಣೆಯೊಳಗೆ ಮಾಡಿ. ಹೊರಗೆ ಏರಿ ಒಳಗೆ ಏರದಿದ್ದರೆ, ಮುಚ್ಚಿದ ಕೋಣೆಯಲ್ಲಿ ಮಲಗಿದವರ ಉಸಿರೇ ಕಾರಣ. ಆಗ ಗಾಳಿಗುಳ್ಳೆಗಳಿಂದ ಕೊಳೆ ತೆಗೆಯುವ ಸ್ಕಿಮ್ಮರ್‌ನ ಗಾಳಿ ನಳಿಕೆಯನ್ನು ಕಿಟಕಿಯಾಚೆ ಎಳೆದರೆ ಅರ್ಧ ಕೆಲಸ ಮುಗಿಯಿತು. ಎರಡೂ ಕಡೆ ಏರಿದರೆ ಗ್ಯಾಸ್ ತೊಟ್ಟಿಯಲ್ಲೇ ಉಳಿಯುತ್ತಿದೆ: ಹೊರನೀರನ್ನು ಸ್ಕಿಮ್ಮರ್‌ನ ಬಾಯಿಯ ಬಳಿ ಬೀಳಿಸಿ, ಇಲ್ಲವೇ ಮುಂದೆ ಇನ್ನೊಂದು ಅರಾಗೊನೈಟ್ ಕೊಳವೆ ಜೋಡಿಸಿ. ಮಿಕ್ಕ ಗ್ಯಾಸ್ ಅಲ್ಲಿ ಚೂರು ಕರಗಿಸುವುದರಲ್ಲೇ ಖರ್ಚಾಗುತ್ತದೆ.

ಇವೆಲ್ಲ ಆದ ಮೇಲೂ ಪಿಎಚ್ ಏರಿಸಬೇಕೆನಿಸಿದರೆ ಸುಣ್ಣದ ತಿಳಿನೀರು. ಲೀಟರ್ ಆರ್‌ಒ ನೀರಿಗೆ 1.5 ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಕದಡಿ, ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ರಾತ್ರಿ ಹೊತ್ತು ಹನಿಹನಿಯಾಗಿ ಬಿಡಿ, ಆವಿಯಾದ ನೀರಿನಷ್ಟೇ. ಅದರ ಪಿಎಚ್ 12 ದಾಟಿರುತ್ತದೆ, ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಿ. ಅದೂ ಆಲ್ಕಲಿನಿಟಿ ಕೊಡುವುದರಿಂದ ರಿಯಾಕ್ಟರ್ ಹರಿವನ್ನು ಅಷ್ಟು ತಗ್ಗಿಸಬೇಕು.

ಪ್ರಶ್ನೆ: ರಜೆಗೆ ಉಡುಪಿಗೆ ಹೋದಾಗ ಕಡಲತೀರದ ಕಪ್ಪೆಚಿಪ್ಪು ತಂದು ರಿಯಾಕ್ಟರ್‌ಗೆ ತುಂಬಬಹುದೇ? ಗೆಳೆಯರೊಬ್ಬರು ಲಕ್ಷದ್ವೀಪದ ಸತ್ತ ಹವಳದ ತುಂಡು ಕೊಡುತ್ತೇನೆ ಎಂದಿದ್ದಾರೆ. ಸುಣ್ಣದ ನೀರಿಗೆ ಎಲೆಅಡಿಕೆಯ ಸುಣ್ಣ ಆಗುತ್ತದೆಯೇ?
— ಮಸ್ಕತ್

ಉತ್ತರ: ಹವಳದ ತುಂಡನ್ನು ಮುಟ್ಟಲೇಬೇಡಿ. ದಿಬ್ಬ ಕಟ್ಟುವ ಗಟ್ಟಿ ಹವಳಗಳೆಲ್ಲ 2001ರಿಂದ ಭಾರತದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ. ದೇಶದ ಗಡಿ ದಾಟಿಸುವಾಗ, ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದವೂ ಅಡ್ಡ ಬರುತ್ತದೆ. ಕಾನೂನು ಹೇಗೂ ಇರಲಿ, ಮನೆಯ ಹವಳ ಬೆಳೆಸಲು ಕಡಲಿನ ದಿಬ್ಬದಿಂದ ಒಂದು ಹಿಡಿ ಎತ್ತುವುದು ಈ ಹವ್ಯಾಸಕ್ಕೇ ಮಾಡುವ ದ್ರೋಹ ಎಂದು ನಾವು ತಿಳಿದಿದ್ದೇವೆ.

ಚಿಪ್ಪುಗಳ ತೊಂದರೆ ಬೇರೆ. ಸಿಂಪಿಯಂಥ ಚಿಪ್ಪುಗಳಲ್ಲಿ ಹೆಚ್ಚಿನದು ಕ್ಯಾಲ್ಸೈಟ್. ಅಮೃತಶಿಲೆಯ ಚೂರೂ ಅದೇ. ಅರಾಗೊನೈಟ್ ಅದಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಕರಗುತ್ತದೆ. ಕ್ಯಾಲ್ಸೈಟ್ ಕರಗಿಸಲು ಹೆಚ್ಚು ಗ್ಯಾಸ್ ಸುರಿಯಬೇಕು, ಆ ಗ್ಯಾಸ್ ತೊಟ್ಟಿಗೇ ಹೋಗುತ್ತದೆ. ತೀರದ ಚಿಪ್ಪಿನಲ್ಲಿ ಅಂಟಿಕೊಂಡ ಜೀವದ್ರವ್ಯ ಕೊಳೆತು ಫಾಸ್ಫೇಟ್ ಬಿಡುವುದು ಇನ್ನೊಂದು ಕಾಟ. ರಿಯಾಕ್ಟರ್‌ಗೆಂದೇ ಮಾರುವ ಅರಾಗೊನೈಟ್ ಕೊಳ್ಳಿ, 400 ಲೀಟರ್ ತೊಟ್ಟಿಗೆ ಕೆಲವು ಕಿಲೋ ಬಹುಕಾಲ ಬರುತ್ತದೆ.

ಎಲೆಅಡಿಕೆಯ ಸುಣ್ಣವೂ ಕ್ಯಾಲ್ಸಿಯಂ ಹೈಡ್ರಾಕ್ಸೈಡೇ, ಆದರೆ ಅದರಲ್ಲಿ ಕಬ್ಬಿಣ, ಮೆಗ್ನೀಷಿಯಂ, ರಂಜಕ ಎಷ್ಟೆಂದು ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಶುದ್ಧತೆ ನಮೂದಿಸಿದ ಆಹಾರ ದರ್ಜೆಯ ಪುಡಿಯನ್ನೇ ತನ್ನಿ.

ಪ್ರಶ್ನೆ: ಆಲ್ಕಲಿನಿಟಿ 8ರಲ್ಲೇ ನಿಂತಿದೆ, ಆದರೆ ಕ್ಯಾಲ್ಸಿಯಂ 370. ರಿಯಾಕ್ಟರ್ ಜೋರು ಮಾಡಲೇ?
— ಫ್ರಾಂಕ್‌ಫರ್ಟ್

ಉತ್ತರ: ಬೇಡ. ಜೋರು ಮಾಡಿದರೆ ಎರಡೂ ಏರುತ್ತವೆ, 40 ಪಿಪಿಎಂ ಕ್ಯಾಲ್ಸಿಯಂ ಗಳಿಸುವಷ್ಟರಲ್ಲಿ ಆಲ್ಕಲಿನಿಟಿ 13 ದಾಟಿರುತ್ತದೆ. ಮೊದಲು ಉಪ್ಪಿನಂಶ ನೋಡಿ. ಸಾವಿರಕ್ಕೆ 35 ಭಾಗಕ್ಕಿಂತ ಕಡಿಮೆ ಇದ್ದರೆ ಕ್ಯಾಲ್ಸಿಯಂ ಕಡಿಮೆ ತೋರುವುದು ಅದರಿಂದಲೇ. ಅದು ಸರಿಯಿದ್ದರೆ ಒಂದು ಸಲ ಕೈಯಿಂದ ತಿದ್ದಿ: 400 ಲೀಟರಿಗೆ 40 ಪಿಪಿಎಂ ಏರಿಸಲು ಕ್ಯಾಲ್ಸಿಯಂ ಕ್ಲೋರೈಡ್ ಡೈಹೈಡ್ರೇಟ್ 59 ಗ್ರಾಂ, 1 ಲೀಟರ್ ಆರ್‌ಒ ನೀರಿನಲ್ಲಿ ಕರಗಿಸಿ, 2 ದಿನಕ್ಕೆ ಹಂಚಿ. ಮೆಗ್ನೀಷಿಯಂ 1280ಕ್ಕಿಂತ ಕೆಳಗಿದ್ದರೆ ಅದನ್ನೂ ಸರಿಪಡಿಸಿ. ಅದು ಕಡಿಮೆಯಾದಾಗ ಸುಣ್ಣ ಹವಳದ ಮೈಗೆ ಹೋಗುವ ಬದಲು ಹೀಟರ್ ಮೇಲೆ ಕೂರುತ್ತದೆ.

ಪ್ರಶ್ನೆ: ಒಂದೇ ರಾತ್ರಿಯಲ್ಲಿ ಸಿಲಿಂಡರ್ ಖಾಲಿ, ತೊಟ್ಟಿಯ ಪಿಎಚ್ 7.3. ಹಿಂದಿನ ದಿನ ಗೇಜ್‌ನ ಮುಳ್ಳು ಸ್ವಲ್ಪ ಇಳಿದಿತ್ತು, ಇನ್ನೂ ಅರ್ಧ ಇದೆ ಎಂದುಕೊಂಡಿದ್ದೆ.
— ಮೆಲ್ಬರ್ನ್

ಉತ್ತರ: ಆ ಮುಳ್ಳು ಪೆಟ್ರೋಲ್ ಗೇಜ್‌ನಂತಲ್ಲ. ಸಿಲಿಂಡರ್‌ನಲ್ಲಿ ದ್ರವ ಉಳಿದಿರುವವರೆಗೆ, ಒಂದು ಕಿಲೋ ಇರಲಿ ಐದು ಕಿಲೋ ಇರಲಿ, 25 ಡಿಗ್ರಿಯಲ್ಲಿ ಒತ್ತಡ ಸುಮಾರು 64 ಬಾರ್‌ನಲ್ಲೇ ನಿಲ್ಲುತ್ತದೆ. ಮುಳ್ಳು ಇಳಿಯತೊಡಗಿತು ಎಂದರೆ ದ್ರವ ಮುಗಿದು ಆವಿ ಮಾತ್ರ ಉಳಿದಿದೆ. ಒಂದೇ ಹಂತದ ರೆಗ್ಯುಲೇಟರ್‌ನಲ್ಲಿ ಸಿಲಿಂಡರ್ ಒತ್ತಡ ಬೀಳುತ್ತಿದ್ದಂತೆ ಹೊರಗಿನ ಒತ್ತಡ ಏರುತ್ತದೆ, ನೀಡಲ್ ವಾಲ್ವ್ ಹಳೆಯ ಜಾಗದಲ್ಲೇ ಇದ್ದರೂ ಗ್ಯಾಸ್ ಧಾರೆಯಾಗಿ ನುಗ್ಗುತ್ತದೆ. ನಿಮಗೆ ಆದದ್ದು ಇದೇ.

ಈಗ ಸ್ಕಿಮ್ಮರ್ ಜೋರಾಗಿ ಓಡಿಸಿ, ಕಿಟಕಿ ತೆರೆದು, ಸಂಪ್‌ಗೆ ಏರ್ ಸ್ಟೋನ್ ಹಾಕಿ. ಪಿಎಚ್ ಏರಿಸಲು ಏನನ್ನೂ ಸುರಿಯಬೇಡಿ; ಗ್ಯಾಸ್ ಹೋದಂತೆ ಅದು ತಾನೇ ಏರುತ್ತದೆ. ಮುಂದೆ ಎರಡು ಹಂತದ ರೆಗ್ಯುಲೇಟರ್ ಕೊಳ್ಳಿ, ಇಲ್ಲವೇ ಖಾಲಿ ಸಿಲಿಂಡರ್‌ನ ತೂಕ ಬರೆದಿಟ್ಟುಕೊಂಡು ವಾರಕ್ಕೊಮ್ಮೆ ತಕ್ಕಡಿಗೆ ಇಡಿ. ಸಿಲಿಂಡರ್ ಸದಾ ನಿಂತೇ ಇರಲಿ, ಗೋಡೆಗೆ ಪಟ್ಟಿ ಬಿಗಿದಿರಲಿ. ಮಲಗಿಸಿದರೆ ದ್ರವವೇ ರೆಗ್ಯುಲೇಟರ್‌ಗೆ ಹರಿಯುತ್ತದೆ. ಹೊಸದು ಜೋಡಿಸುವಾಗ ಪ್ರತಿ ಸಲ ಹೊಸ ವಾಷರ್ ಹಾಕಿ, ಗೇಜ್ ಮುಳ್ಳು ಇರುವ ಜಾಗ ಗುರುತಿಸಿ. ಪಾತ್ರೆ ತೊಳೆಯುವ ಸೋಪಿನ ನೊರೆಯನ್ನು ಕುಂಚದಿಂದ ಪ್ರತಿ ಕೀಲಿಗೂ ಬಳಿದು 2 ನಿಮಿಷ ನೋಡಿ. ಸೋರಿಕೆ ಇದ್ದರೆ ನೊರೆಯ ನಡುವೆ ಒಂದೇ ಜಾಗದಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಸಾಲುಸಾಲಾಗಿ ಏಳುತ್ತವೆ. ಅದು ಕಂಡರೆ ಸಿಲಿಂಡರ್‌ನ ಬಾಯಿ ಮುಚ್ಚಿ, ಕೀಲು ಬಿಚ್ಚಿ, ವಾಷರ್ ಸರಿಯಾಗಿ ಕೂತಿದೆಯೇ ನೋಡಿ ಮತ್ತೆ ಬಿಗಿಯಿರಿ.